ಒಂದು ಶೀಟು, ಹಲವು ವರ್ಷ: ಹಳೆಯ ಟೋಪೋಶೀಟಿನಲ್ಲಿ ಕೆನರಾ ಕರಾವಳಿ

48 ಕೆ/9 ಎಂಬ ಶೀಟಿನಿಂದ ಶುರು ಮಾಡೋಣ. ಸರ್ವೆ ಆಫ್ ಇಂಡಿಯಾದ ಟೋಪೋಶೀಟು, ಅಂದರೆ ಗುಡ್ಡ, ಹೊಳೆ, ರಸ್ತೆ, ಊರು ಎಲ್ಲ ತೋರಿಸುವ ನಕಾಶೆ, ಒಂದು ಇಂಚಿಗೆ ಒಂದು ಮೈಲಿ. ಮೇಲಂಚಿನ ಹತ್ತಿರ ಭಟ್ಕಳ, ಕೆಳಗೆ ಬೈಂದೂರು, ನಡುವೆ ಶಿರೂರು. ಇವತ್ತು ಭಟ್ಕಳದಲ್ಲಿ ಬಸ್ಸು ಹತ್ತಿ ಬೈಂದೂರಿನಲ್ಲಿ ಇಳಿಯುವವರು ದಾಟುವುದು ಬರೀ ಜಿಲ್ಲೆಯ ಗಡಿ. ಆದರೆ 1950ರ ದಶಕದ ಮೊದಲರ್ಧದಲ್ಲಿ ಅದೇ ಗೆರೆ ರಾಜ್ಯದ ಗಡಿ: ಬಡಗಲಿಗೆ ಬೊಂಬಾಯಿ, ತೆಂಕಲಿಗೆ ಮದ್ರಾಸು. 1862ರಲ್ಲಿ ಕೆನರಾವನ್ನು ಎರಡು ಮಾಡಿ ಉತ್ತರದ ಭಾಗವನ್ನು ಬೊಂಬಾಯಿಗೆ ಕೊಟ್ಟಾಗ ಬಂದ ಗಡಿ ಅದು. 1956ರ ನವೆಂಬರ್ 1ರಂದು ಎರಡು ಕಡೆಯೂ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದು ಜಿಲ್ಲೆಗಳ ನಡುವಿನ ಗೆರೆಯಾಗಿ ಉಳಿಯಿತು.

ಹಾಗಾಗಿ ನಿಮ್ಮ ಕೈಗೆ ಈ ಶೀಟಿನ ಯಾವುದೇ ಮುದ್ರಣ ಸಿಕ್ಕಿದರೂ ಮೊದಲು ಆ ಗಡಿಯ ಚಿಹ್ನೆ ನೋಡಿ. ರಾಜ್ಯದ ಗಡಿಯ ಚಿಹ್ನೆ ಇದ್ದರೆ 1956ಕ್ಕೆ ಹಿಂದಿನ ಆಡಳಿತ ಅದರಲ್ಲಿದೆ. ಹಾಗಂತ ಅದರಲ್ಲಿ ಕಾಣುವ ಮನೆ, ತೋಟ, ಹೊಳೆ ಎಲ್ಲವೂ 1956ರ ಸುತ್ತಮುತ್ತಲಿನವು ಅಂದುಕೊಂಡರೆ ದಾರಿ ತಪ್ಪುತ್ತೀರಿ. ಇವತ್ತು ನಾನು ಹೇಳಬೇಕಾದದ್ದರ ತಿರುಳು ಇದೇ. ಒಂದು ಟೋಪೋಶೀಟಿನಲ್ಲಿ ಒಂದೇ ವರ್ಷ ಇರುವುದಿಲ್ಲ. ಹೊಳೆಯ ದಡಕ್ಕೆ ಒಂದು ವಯಸ್ಸು, ರಸ್ತೆಗೆ ಇನ್ನೊಂದು, ಗಡಿಗೆ ಮತ್ತೊಂದು. ಇವನ್ನು ಬಿಡಿಸಿಟ್ಟರೆ ಮಾತ್ರ ಊರಿನ ಚರಿತ್ರೆ ಸಿಗುತ್ತದೆ.

ಬಿಡಿಸುವ ಕೆಲಸ ಶೀಟಿನ ಅಂಚಿನಿಂದ ಶುರುವಾಗಬೇಕು. ಅಂಚಿನಲ್ಲಿ ಸರ್ವೆ ನಡೆದ ವರ್ಷ, ಪ್ರಕಟವಾದ ವರ್ಷ, ಎಷ್ಟನೆಯ ಆವೃತ್ತಿ, ಮರುಮುದ್ರಣದಲ್ಲಿ ಏನೇನು ತಿದ್ದಿದ್ದಾರೆ ಎಂಬುದೆಲ್ಲ ಬೇರೆ ಬೇರೆಯಾಗಿ ಇರುತ್ತದೆ. 1950ರ ದಶಕದಲ್ಲಿ ಅಚ್ಚಾದ ಶೀಟಿನ ಹಿಂದಿನ ಸರ್ವೆ ಅದಕ್ಕಿಂತ ಮೂರು ನಾಲ್ಕು ದಶಕ ಹಳೆಯದಾಗಿರಬಹುದು. ಮರುಮುದ್ರಣದಲ್ಲಿ ಸಾಮಾನ್ಯವಾಗಿ ತಿದ್ದುತ್ತಿದ್ದುದು ದೊಡ್ಡ ರಸ್ತೆ, ರೈಲು, ಗಡಿ, ಅಂಚೆ ತಂತಿ ಕಚೇರಿ ಇಂಥವನ್ನು. ಕುದ್ರುವಿನ (ಹೊಳೆಯ ನಡುವಿನ ದ್ವೀಪದ) ಆಕಾರ, ಗದ್ದೆಯ ಅಂಚು, ಕಾಲುದಾರಿ ಮೊದಲ ಸರ್ವೆಯಲ್ಲಿ ಹೇಗಿತ್ತೋ ಹಾಗೇ ಉಳಿಯುತ್ತಿತ್ತು. ಒಂದು ಅಳಿವೆ 1955ರಲ್ಲಿ ಇಲ್ಲಿತ್ತು ಎಂದು ಬರೆಯುವ ಮೊದಲು ಆ ದಡವನ್ನು ಯಾವ ವರ್ಷ ಅಳೆದರು ಎಂದು ಅಂಚಿನಲ್ಲಿ ನೋಡಲೇಬೇಕು. ಇನ್ನೊಂದು ಮಾತು. ಸ್ಕ್ಯಾನ್ ಮಾಡುವಾಗ ಅಂಚನ್ನು ಕತ್ತರಿಸಿ ನಕಾಶೆಯನ್ನಷ್ಟೇ ಇಟ್ಟುಕೊಳ್ಳುವವರು ಬಹಳ ಜನ. ಅಂಥ ಫೈಲಿನಿಂದ ಚರಿತ್ರೆಗೆ ಅರ್ಧ ಪ್ರಯೋಜನವೂ ಇಲ್ಲ.

ಅಂಚು ಹರಿದುಹೋಗಿದ್ದರೆ ಒಳಗಿನ ಗುರುತುಗಳಿಂದ ಅಂದಾಜು ಮಾಡಬಹುದು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಂದ ಘಟ್ಟ ಹತ್ತಿ ಹಾಸನಕ್ಕೆ ಹೋಗುವ ಹಳಿ ಬಂದದ್ದು 1979ರಲ್ಲಿ. ಬಡಗಲಿಗೆ ಹೋಗುವ ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಬಜಪೆಯ ವಿಮಾನ ನಿಲ್ದಾಣ 1951ರದ್ದು. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು 1960ರದ್ದು. ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸ ಶುರುವಾದದ್ದು 1962ರಲ್ಲಿ, ಬಂದರು ಉದ್ಘಾಟನೆಯಾದದ್ದು 1975ರ ಜನವರಿಯಲ್ಲಿ. ಹಾಗಾಗಿ ಮಂಗಳೂರಿನ ಶೀಟಿನಲ್ಲಿ ವಿಮಾನ ನಿಲ್ದಾಣವಿದ್ದು ಪಣಂಬೂರಿನ ಕಡಲತೀರ ಇನ್ನೂ ನೇರ ಗೆರೆಯಾಗಿದ್ದರೆ ತಿದ್ದುಪಡಿಯ ಕಾಲ ಆ ಎರಡರ ನಡುವಿನದು. ಸ್ಕೇಲು ಕೂಡ ಸುಳಿವು ಕೊಡುತ್ತದೆ. 1:63,360 ಎಂದಿದ್ದು ಎತ್ತರ ಅಡಿಯಲ್ಲಿದ್ದರೆ ಮೈಲಿ ಕಾಲದ್ದು. 1:50,000 ಎಂದಿದ್ದು ಎತ್ತರ ಮೀಟರಿನಲ್ಲಿದ್ದರೆ ದೇಶ ಮೆಟ್ರಿಕ್ ಪದ್ಧತಿಗೆ ಬಂದ ಮೇಲಿನದ್ದು.

ಇಲ್ಲೊಂದು ಅಡ್ಡಮಾತು. 1956ಕ್ಕೆ ಮೊದಲಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕಾಸರಗೋಡು ತಾಲೂಕು ಇತ್ತು ಎನ್ನುವುದು ಎಲ್ಲರಿಗೂ ಗೊತ್ತು. ಅರಬ್ಬಿ ಸಮುದ್ರದ ಅಮಿನಿದಿವಿ ದ್ವೀಪಗಳೂ, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ, ಇದೇ ಜಿಲ್ಲೆಗೆ ಸೇರಿದ್ದವು ಎನ್ನುವುದು ಎಷ್ಟೋ ಜನರಿಗೆ ನೆನಪಿಲ್ಲ. ಮಂಗಳೂರಿನ ಕಲೆಕ್ಟರ ಕಚೇರಿಯ ಹಳೆಯ ಕಡತ ಓದುವಾಗ ಇದು ತಲೆಯಲ್ಲಿರಲಿ.

ಈಗ ನಿಮ್ಮ ಊರಿನ ಶೀಟಿನ ನಂಬರು ಹುಡುಕುವುದು ಹೇಗೆ? ಇಂಡೆಕ್ಸು ಬೇಕಾಗಿಲ್ಲ, ಲೆಕ್ಕ ಸಾಕು. 48 ಎಂದರೆ ಅಕ್ಷಾಂಶ 12ರಿಂದ 16, ರೇಖಾಂಶ 72ರಿಂದ 76ರವರೆಗಿನ ದೊಡ್ಡ ಚೌಕ. ಅದರೊಳಗೆ ಒಂದೊಂದು ಡಿಗ್ರಿಯ ಹದಿನಾರು ಚೌಕ, ಎ ಇಂದ ಪಿ ತನಕ. ಎಣಿಕೆ ಎಡಗಡೆಯ ಮೇಲಿನ ಮೂಲೆಯಿಂದ ಶುರುವಾಗಿ ಕೆಳಗಿಳಿಯುತ್ತದೆ, ಆಮೇಲೆ ಮುಂದಿನ ಸಾಲಿನ ಮೇಲ್ತುದಿಗೆ ಹೋಗುತ್ತದೆ. ಪ್ರತಿ ಡಿಗ್ರಿ ಚೌಕದೊಳಗೆ ಹದಿನೈದು ನಿಮಿಷದ ಹದಿನಾರು ಶೀಟು, ಅವುಗಳ ಎಣಿಕೆಯೂ ಹೀಗೇ ಮೇಲಿಂದ ಕೆಳಗೆ. ನಮ್ಮ ಕರಾವಳಿ ರೇಖಾಂಶ 74ರಿಂದ 75ರ ಒಳಗೆ ಬರುವುದರಿಂದ ನಮಗೆ ಬೇಕಾದದ್ದು ಜೆ, ಕೆ, ಎಲ್ ಮೂರೇ. ಕಾರವಾರ ಜೆ/1, ಅಂಕೋಲೆ ಮತ್ತು ಗೋಕರ್ಣ ಜೆ/6, ಕುಮಟೆ ಮತ್ತು ಹೊನ್ನಾವರ ಜೆ/7, ಮುರ್ಡೇಶ್ವರ ಜೆ/8. ಭಟ್ಕಳ ಕೆ/9, ಕುಂದಾಪುರ ಮತ್ತು ಗಂಗೊಳ್ಳಿ ಕೆ/10, ಮಲ್ಪೆ ಕೆ/11, ಕಾಪು ಕೆ/12, ಮೂಲ್ಕಿ ಕೆ/16. ಮಂಗಳೂರು ಎಲ್/13.

ಉಡುಪಿಯವರಿಗೆ ಒಂದು ತೊಂದರೆ ಇದೆ. 74 ಡಿಗ್ರಿ 45 ನಿಮಿಷದ ರೇಖೆ ಊರಿನ ನಡುವೆಯೇ ಹಾಯುತ್ತದೆ. ಅರ್ಧ ಪೇಟೆ ಕೆ/11ರಲ್ಲಿ, ಇನ್ನರ್ಧ ಕೆ/15ರಲ್ಲಿ. ಅಘನಾಶಿನಿ ಹೊಳೆಗೂ ಇದೇ ಗತಿ. ತದಡಿಯ ಅಳಿವೆ ಜೆ/6ರಲ್ಲಿದೆ, ಮಿರ್ಜಾನ ಕೋಟೆ ಜೆ/7ರಲ್ಲಿ. ಹೊಳೆಯ ಚರಿತ್ರೆ ಬರೆಯುವವರು ಎರಡೂ ತರಿಸಬೇಕು, ಎರಡರ ಸರ್ವೆ ವರ್ಷ ಒಂದೇನಾ ಎಂದೂ ನೋಡಬೇಕು. ಪಕ್ಕಪಕ್ಕದ ಶೀಟುಗಳು ಅಂಚಿನಲ್ಲಿ ಹೊಂದದೆ ರಸ್ತೆಯೊಂದು ಗೆರೆಯ ಹತ್ತಿರ ಥಟ್ಟನೆ ನಿಂತುಬಿಟ್ಟರೆ ರಸ್ತೆ ಮುಗಿಯಿತು ಎಂದಲ್ಲ, ಆಚೆಯ ಶೀಟು ಹಳೆಯದು ಎಂದು.

ನಕಾಶೆ ಸಿಗುವ ದಾರಿ. ಅತ್ಯಂತ ಸುಲಭವಾಗಿ ಸಿಗುವುದು ಅಮೆರಿಕದ ಸೈನ್ಯದ ನಕಾಶೆ ವಿಭಾಗ 1950ರ ದಶಕದಲ್ಲಿ ತಯಾರಿಸಿದ ಯು502 ಸರಣಿ. ಸ್ಕೇಲು 1:250,000. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಮ್ಮ ಭಾಗದ ಶೀಟುಗಳ ಹೆಸರು ಎನ್‌ಡಿ 43 ಎಂದು ಶುರುವಾಗುತ್ತದೆ. ಇದು ಹೊಸದಾಗಿ ನೆಲ ಅಳೆದು ಮಾಡಿದ್ದಲ್ಲ, ಸರ್ವೆ ಆಫ್ ಇಂಡಿಯಾದ ನಕಾಶೆಗಳಿಂದ ಕೂಡಿಸಿದ್ದು. ಅಂಚಿನಲ್ಲಿರುವ ವಿಶ್ವಾಸಾರ್ಹತೆಯ ಸಣ್ಣ ಚಿತ್ರ ನೋಡಿದರೆ ಯಾವ ಭಾಗಕ್ಕೆ ಯಾವ ಮೂಲ ಬಳಸಿದರು ಎನ್ನುವುದು ತಿಳಿಯುತ್ತದೆ. ಇಡೀ ಜಿಲ್ಲೆಯ ರಸ್ತೆ, ಹೊಳೆ, ಘಟ್ಟದ ದಾರಿ ಒಟ್ಟಿಗೆ ನೋಡಲು ಇದು ಚೆನ್ನಾಗಿದೆ. ಒಂದು ಗ್ರಾಮದ ಕೆಲಸಕ್ಕೆ ಸಾಲದು.

ಒಂದಿಂಚಿನ ಶೀಟುಗಳು ಹಳೆಯ ಕಾಲೇಜುಗಳ ಭೂಗೋಳ ವಿಭಾಗ, ಪತ್ರಾಗಾರ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಇರುತ್ತವೆ. ಕರಾವಳಿಯ ಶೀಟುಗಳು ದಶಕಗಳ ಕಾಲ ನಿರ್ಬಂಧಿತ ಪಟ್ಟಿಯಲ್ಲಿದ್ದವು. 2005ರ ರಾಷ್ಟ್ರೀಯ ನಕ್ಷಾ ನೀತಿ ಜನಸಾಮಾನ್ಯರಿಗೆ ಒಂದು, ರಕ್ಷಣೆಗೆ ಒಂದು ಎಂದು ಎರಡು ಸರಣಿ ಮಾಡಿತು. 2021ರ ಮಾರ್ಗಸೂಚಿ ಇನ್ನಷ್ಟು ಸಡಿಲ ಮಾಡಿತು. ಆದರೂ ಶೀಟಿನ ಮೇಲೆ ನಿರ್ಬಂಧಿತ ಎಂಬ ಮುದ್ರೆ ಇದ್ದರೆ ಕೊಟ್ಟ ಸಂಸ್ಥೆಯನ್ನು ಕೇಳದೆ ಅಂತರ್ಜಾಲಕ್ಕೆ ಹಾಕಬೇಡಿ.

ಈಗ ಅಳತೆ. ಇದು ಸ್ವಲ್ಪ ಒಣ ವಿಷಯ, ಆದರೆ ತಪ್ಪುಗಳು ಹುಟ್ಟುವುದೇ ಇಲ್ಲಿ. ಒಂದಿಂಚಿನ ಶೀಟಿನಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಂದರೆ ನೆಲದ ಮೇಲೆ ಸುಮಾರು 32 ಮೀಟರ್. 1:250,000ದಲ್ಲಿ 125 ಮೀಟರ್. ಅಂದರೆ ಒಂದಿಂಚಿನ ನಕಾಶೆ ಹಿಡಿದು ಸಮುದ್ರ 20 ಮೀಟರ್ ಒಳಗೆ ಬಂದಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಐವತ್ತು ಮೀಟರಿಗಿಂತ ಕಡಿಮೆ ವ್ಯತ್ಯಾಸದ ಬಗ್ಗೆ ಈ ನಕಾಶೆ ಮೂಕ.

ಮರವಂತೆಯ ಉದಾಹರಣೆ ತೆಗೆದುಕೊಳ್ಳಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ಹಳೆಯ ನಕಾಶೆಯಲ್ಲಿ ಆ ಪಟ್ಟಿ ಎಷ್ಟು ಅಗಲ ಇತ್ತು ಎಂದು ಅಳೆಯುವ ಆಸೆ ಎಲ್ಲರಿಗೂ. ನೂರು ಮೀಟರ್ ಎಂದರೆ ಶೀಟಿನಲ್ಲಿ 1.6 ಮಿಲಿಮೀಟರ್. ಅಷ್ಟರೊಳಗೆ ಎರಡು ಗೆರೆಯ ರಸ್ತೆ, ಹೊಳೆಯ ದಡ, ಕಡಲ ದಡ, ಮರಳು ಎಲ್ಲ ಬರಬೇಕು. ನಕಾಶೆ ಬರೆಯುವವನು ಗೆರೆಗಳು ಒಂದರ ಮೇಲೊಂದು ಬೀಳದಂತೆ ಅಕ್ಕಪಕ್ಕ ಸರಿಸಿಯೇ ಬರೆಯಬೇಕಾಗುತ್ತದೆ. ಅಲ್ಲಿ ರಸ್ತೆ ಇತ್ತು ಎನ್ನುವುದಕ್ಕೆ ಶೀಟು ಸಾಕ್ಷಿ. ಅಗಲಕ್ಕೆ ಅಲ್ಲ.

ಸ್ಕ್ಯಾನು 400 ಡಿಪಿಐ, ಬಣ್ಣದಲ್ಲಿ, ಟಿಫ್ ಫೈಲಾಗಿ ಮಾಡಿಸಿ. ಆಗ ಒಂದು ಪಿಕ್ಸೆಲ್ ಎಂದರೆ ನಾಲ್ಕು ಮೀಟರ್. ಶೀಟಿನ ನಕಾಶೆ ಭಾಗವೇ ಸುಮಾರು 43 ಸೆಂಟಿಮೀಟರ್ ಚೌಕ, ಹಾಗಾಗಿ ಎ4 ಸ್ಕ್ಯಾನರಿನಲ್ಲಿ ತುಂಡು ತುಂಡಾಗಿ ತೆಗೆದು ಅಂಟಿಸಿದರೆ ಕೂಡುವಲ್ಲಿ ಸೊಟ್ಟಗಾಗುತ್ತದೆ. ಕಟ್ಟಡದ ಪ್ಲಾನು ಸ್ಕ್ಯಾನ್ ಮಾಡುವ ದೊಡ್ಡ ಯಂತ್ರ ಇರುವ ಅಂಗಡಿಗೆ ಒಯ್ಯಿರಿ. ಕಪ್ಪುಬಿಳುಪು ಬೇಡ, ಯಾಕೆ ಎನ್ನುವುದು ಆಮೇಲೆ ತಿಳಿಯುತ್ತದೆ. ಕೆಲವು ಹಳೆಯ ಶೀಟುಗಳನ್ನು ಮಡಿಸಲು ಅನುಕೂಲವಾಗಲಿ ಎಂದು ಎಂಟೋ ಹತ್ತೋ ತುಂಡು ಮಾಡಿ ಬಟ್ಟೆಗೆ ಅಂಟಿಸಿರುತ್ತಾರೆ. ತುಂಡುಗಳ ನಡುವೆ ಸಂದು ಇರುತ್ತದೆ. ಅಂಥದ್ದನ್ನು ಅಕ್ಷಾಂಶ ರೇಖಾಂಶಕ್ಕೆ ಹೊಂದಿಸುವಾಗ ಇಡಿಯಾಗಿ ಕೂರಿಸಲು ಹೋಗಬೇಡಿ, ಒಂದೊಂದು ತುಂಡನ್ನೂ ಬೇರೆಯಾಗಿ ಕೂರಿಸಿ. ಮೊಬೈಲ್ ಫೋಟೋ ಓದಲು ಆಗುತ್ತದೆ, ಅಳೆಯಲು ಆಗುವುದಿಲ್ಲ.

ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಜಿಯೊರೆಫರೆನ್ಸ್ ಮಾಡಬಹುದು, ಅಂದರೆ ಸ್ಕ್ಯಾನಿನ ಬಿಂದುಗಳನ್ನು ಅವುಗಳ ಅಕ್ಷಾಂಶ ರೇಖಾಂಶಕ್ಕೆ ಕೂರಿಸಬಹುದು. ಒಂದಿಂಚಿನ ಶೀಟಿನಲ್ಲಿ ಐದೈದು ನಿಮಿಷಕ್ಕೆ ಅಕ್ಷಾಂಶ ರೇಖಾಂಶದ ಗೆರೆ ಇರುತ್ತದೆ, ಅಂಚೂ ಸೇರಿ ಹದಿನಾರು ಕೂಡುಸ್ಥಳ. ಹದಿನಾರನ್ನೂ ಬಳಸಿ, ನಾಲ್ಕು ಮೂಲೆ ಮಾತ್ರ ಸಾಕು ಎನ್ನಬೇಡಿ. ಮೂಲೆಯೊಂದರ ಅಂಕಿ ತಪ್ಪು ಹಾಕಿದರೂ ನಾಲ್ಕೇ ಬಿಂದುಗಳಲ್ಲಿ ಅದು ಸುಲಭವಾಗಿ ಎದ್ದು ಕಾಣುವುದಿಲ್ಲ, ಹದಿನಾರರಲ್ಲಿ ತಕ್ಷಣ ಕಾಣುತ್ತದೆ. ಸಾಮಾನ್ಯ ತಪ್ಪು ಯಾವುದು ಗೊತ್ತೆ? 74 ಡಿಗ್ರಿ 35 ನಿಮಿಷವನ್ನು 74.35 ಎಂದು ಟೈಪ್ ಮಾಡುವುದು. 35ನ್ನು 60ರಿಂದ ಭಾಗಿಸಿ 74.5833 ಎಂದು ಹಾಕಬೇಕು. ಇಲ್ಲದಿದ್ದರೆ ಬಿಂದು 25 ಕಿಲೋಮೀಟರ್ ಪಡುವಣಕ್ಕೆ, ಸಮುದ್ರದೊಳಗೆ ಬೀಳುತ್ತದೆ. ರೂಪಾಂತರದ ವಿಧಾನ ಮೊದಲ ಘಾತದ ಪಾಲಿನಾಮಿಯಲ್ ಇರಲಿ, ಅದು ಶೀಟನ್ನು ಬಾಗಿಸದೆ ಹೊಂದಿಸುತ್ತದೆ. ಉಳಿಕೆ ದೋಷ, ಅಂದರೆ ಬಿಂದು ಬೀಳಬೇಕಾದ ಜಾಗಕ್ಕೂ ಬಿದ್ದ ಜಾಗಕ್ಕೂ ಇರುವ ಅಂತರ, ಎರಡು ಮೂರು ಪಿಕ್ಸೆಲಿನೊಳಗಿದ್ದರೆ ಸಾಕು. ದೋಷ ಸೊನ್ನೆ ಮಾಡಬೇಕೆಂದು ಥಿನ್ ಪ್ಲೇಟ್ ಸ್ಪ್ಲೈನ್ ಆರಿಸುವವರಿದ್ದಾರೆ. ಅದು ನೀವು ಕೊಟ್ಟ ಪ್ರತಿ ಬಿಂದುವಿಗೂ ನಕಾಶೆಯನ್ನು ಎಳೆದು ಹೊಂದಿಸಿಬಿಡುತ್ತದೆ. ದೋಷ ಸೊನ್ನೆ ಎಂದು ತೋರಿಸುತ್ತದೆ, ನಡುವಿನ ನೆಲವೆಲ್ಲ ವಕ್ರವಾಗಿರುತ್ತದೆ.

ಇನ್ನು ಡೇಟಮ್, ಅಂದರೆ ಭೂಮಿಯ ಆಕಾರ ಹೀಗೆ, ಮೂಲಬಿಂದು ಇಲ್ಲಿ ಎಂದು ಇಟ್ಟುಕೊಂಡು ಅಕ್ಷಾಂಶ ರೇಖಾಂಶ ಲೆಕ್ಕ ಹಾಕುವ ಆಧಾರ. ಹಳೆಯ ಶೀಟುಗಳ ಅಕ್ಷಾಂಶ ರೇಖಾಂಶ ಎವರೆಸ್ಟ್ ಗೋಳದ ಮೇಲೆ, ಮಧ್ಯಪ್ರದೇಶದ ಕಲ್ಯಾಣಪುರ ಡೇಟಮ್ಮಿನಲ್ಲಿ ಲೆಕ್ಕ ಹಾಕಿದವು. ಮೊಬೈಲಿನ ಜಿಪಿಎಸ್ ಡಬ್ಲ್ಯೂಜಿಎಸ್84ರಲ್ಲಿದೆ. ಎರಡರ ನಡುವಿನ ವ್ಯತ್ಯಾಸ ನೋಡದೆ ಶೀಟನ್ನು ನೇರವಾಗಿ ಕೂರಿಸಿದರೆ ನಮ್ಮ ಕರಾವಳಿಯಲ್ಲಿ ಹಳೆಯ ನಕಾಶೆ ಸುಮಾರು ನೂರು ಮೀಟರ್ ಮೂಡಣಕ್ಕೂ ನೂರೈವತ್ತರಷ್ಟು ತೆಂಕಣಕ್ಕೂ ಸರಿದು ಬೀಳುತ್ತದೆ. ಹಳೆಯ ತೀರ ಒಳಗೆ ಕಾಣುತ್ತದೆ, ಇಂದಿನ ತೀರ ಹೊರಗೆ. ಕಾರವಾರದಿಂದ ಉಳ್ಳಾಲದವರೆಗೆ ಸಮುದ್ರವೇ ಹಿಂದೆ ಸರಿದಿದೆ ಎಂದು ತೋರುತ್ತದೆ! ಇಡೀ ತೀರ ಒಂದೇ ದಿಕ್ಕಿಗೆ ಒಂದೇ ಅಳತೆಯಷ್ಟು ಸರಿದಿದ್ದರೆ ಅದು ಕಡಲಿನ ಕೆಲಸವಲ್ಲ, ಡೇಟಮ್ಮಿನದು. ಬಿಂದುಗಳನ್ನು ಕೊಡುವಾಗ ಇಪಿಎಸ್‌ಜಿ 4146 (ಕಲ್ಯಾಣಪುರ ಡೇಟಮ್ಮಿನ ಸಂಕೇತ ಸಂಖ್ಯೆ) ಆರಿಸಿ, ಆಮೇಲೆ 32643ಕ್ಕೆ, ಅಂದರೆ ಮೀಟರಿನಲ್ಲಿ ಅಳೆಯುವ ಯುಟಿಎಂ 43ನೇ ವಲಯಕ್ಕೆ ಬದಲಾಯಿಸಿ.

ಆದ ಮೇಲೆ ಪರೀಕ್ಷೆ ಮಾಡಬೇಕು. ಕಾಪುವಿನ ದೀಪಸ್ತಂಭ 1901ರದ್ದು, ಅಂದಿನಿಂದ ಅಲ್ಲೇ ನಿಂತಿದೆ. ಅದು ಹೊಂದುತ್ತದೆಯೇ ನೋಡಿ. ಗುಡ್ಡದ ತಲೆಯ ತ್ರಿಕೋನ ಗುರುತು, ಹಳೆಯ ಇಗರ್ಜಿ, ಕಲ್ಲಿನ ದೇವಸ್ಥಾನ ಇವೂ ಆಗುತ್ತವೆ. ದೇವಸ್ಥಾನ ಜೀರ್ಣೋದ್ಧಾರವಾದರೂ ಗರ್ಭಗುಡಿಯ ಜಾಗ ಸಾಮಾನ್ಯವಾಗಿ ಬದಲಾಗುವುದಿಲ್ಲ. ಹೊಳೆಯ ತಿರುವು, ಅಳಿವೆಯ ತುದಿ, ಕುದ್ರುವಿನ ಮೂಲೆ ಇವನ್ನು ಹೊಂದಿಸುವ ಬಿಂದುಗಳಾಗಿ ಯಾವತ್ತೂ ಬಳಸಬೇಡಿ. ಬದಲಾಗಿದೆಯೇ ಎಂದು ನೋಡಬೇಕಾದ್ದನ್ನೇ ಬದಲಾಗಿಲ್ಲ ಎಂದು ಮೊದಲೇ ಒಪ್ಪಿಕೊಂಡಂತೆ ಆಗುತ್ತದೆ.

ಇಷ್ಟಾದ ಮೇಲೆ ಓದುವ ಕೆಲಸ. ಬಣ್ಣದಿಂದ ಶುರು ಮಾಡಿ. ಕೆಂಪು ಎಂದರೆ ಮನೆ ಮತ್ತು ರಸ್ತೆ, ಹಳದಿ ಸಾಗುವಳಿ, ಹಸಿರು ಕಾಡು, ಕಂದು ಕಂಟೂರು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ. ನೀಲಿ ಎಂದರೆ ವರ್ಷವಿಡೀ ನೀರಿರುವ ಹೊಳೆ, ಕಪ್ಪು ಎಂದರೆ ಬೇಸಗೆಯಲ್ಲಿ ಒಣಗುವ ತೋಡು. ಕಪ್ಪುಬಿಳುಪು ಸ್ಕ್ಯಾನಿನಲ್ಲಿ ಈ ಎರಡು ಕಲೆತುಹೋಗುತ್ತವೆ. ಸರ್ವೆಯವರು ಹೊಲಕ್ಕಿಳಿಯುತ್ತಿದ್ದುದು ಮಳೆ ಮುಗಿದ ಮೇಲೆ, ಬೇಸಗೆ ಮುಗಿಯುವ ಮೊದಲು. ಹಾಗಾಗಿ ನಕಾಶೆಯಲ್ಲಿರುವುದು ಚಳಿಗಾಲ ಬೇಸಗೆಯ ಕರಾವಳಿ. ಆಷಾಢದಲ್ಲಿ ಊರನ್ನೇ ಎರಡು ಮಾಡುವ ತೋಡು ಇಲ್ಲಿ ಕೂದಲೆಳೆಯ ಕಪ್ಪು ಗೆರೆ. ಉಪ್ಪುನೀರು ಮೇಲೆ ಬರದಂತೆ ವರ್ಷವರ್ಷವೂ ಹಾಕಿ ಮಳೆಗಾಲಕ್ಕೆ ಕಿತ್ತುಹೋಗುತ್ತಿದ್ದ ಮಣ್ಣಿನ ಕಟ್ಟಗಳು ಬಹಳಷ್ಟು ಸಲ ಇಲ್ಲವೇ ಇಲ್ಲ.

ಬಯಲುಸೀಮೆಯಿಂದ ಬಂದವರು ಇಲ್ಲಿ ಎಡವುವ ಜಾಗ ಒಂದಿದೆ. ಧಾರವಾಡದ ಕಡೆಯ ಶೀಟಿನಲ್ಲಿ ಊರು ಎಂದರೆ ಕೆಂಪು ಗುಂಪು, ಸುತ್ತ ಖಾಲಿ ಹೊಲ. ನಮ್ಮ ಶೀಟಿನಲ್ಲಿ ಕೆಂಪು ಚುಕ್ಕೆಗಳು ಬೈಲಿನ (ತಗ್ಗಿನ ಗದ್ದೆಗಳ) ಅಂಚಿಗೆ ಉದ್ದಕ್ಕೂ ಚದುರಿವೆ, ಹೆಸರನ್ನು ಅಕ್ಷರ ಬಿಡಿಸಿ ಅಗಲವಾಗಿ ಬರೆದಿದ್ದಾರೆ. ಆ ಅಕ್ಷರಗಳ ಕೆಳಗೆ ಊರಿನ ಕೇಂದ್ರ ಹುಡುಕಬೇಡಿ, ಅದು ಇಡೀ ಗ್ರಾಮದ ಹೆಸರು. ಮನೆಗಳ ಸಾಲು ಎಲ್ಲಿದೆ ಎಂಬುದೇ ಮಾತಾಡುತ್ತದೆ. ಒಂದಿಂಚಿನ ಶೀಟಿನಲ್ಲಿ ಕಂಟೂರಿನ ಅಂತರ ಸಾಮಾನ್ಯವಾಗಿ 50 ಅಡಿ. ಅಂದರೆ ಕಡಲ ಮಟ್ಟದಿಂದ 50 ಅಡಿಯವರೆಗಿನ ನೆಲವೆಲ್ಲ, ನಮ್ಮ ಬೈಲು, ಕುದ್ರು, ಕೋಡಿ (ಮರಳ ನಾಲಿಗೆ), ಉಪ್ಪುಗದ್ದೆ ಎಲ್ಲವೂ, ಒಂದೇ ಒಂದು ಕಂದು ಗೆರೆಯೂ ಇಲ್ಲದೆ ಬೋಳಾಗಿ ಕಾಣುತ್ತದೆ. ಮೊದಲ ಕಂಟೂರು ಬರುವ ಹೊತ್ತಿಗೆ ಮುರಕಲ್ಲಿನ ಗುಡ್ಡ ಶುರುವಾಗಿರುತ್ತದೆ. ತಗ್ಗು ಭಾಗದ ಏರಿಳಿತಕ್ಕೆ ಬೇರೆ ಸುಳಿವು ನೋಡಬೇಕು. ದಡದ ಪಕ್ಕದಲ್ಲಿ ಅಂಕಿಯ ಜೊತೆ ಸಣ್ಣ ಆರ್ ಅಕ್ಷರ ಇದ್ದರೆ ಅದು ಸುತ್ತಲ ನೆಲದಿಂದ ಅಳೆದ ಎತ್ತರ ಅಥವಾ ಆಳ. ತೆಂಗಿನ ಸಾಲು ಇದ್ದರೆ ಸ್ವಲ್ಪ ಎತ್ತರದ ಮರಳು. ಜೌಗಿನ ಚಿಹ್ನೆ ಇದ್ದರೆ ಉಬ್ಬರದ ನೀರು ಬರುವ ಜಾಗ. ಗೋಕರ್ಣದ ಹತ್ತಿರ ಸಾಣೀಕಟ್ಟೆಯ ಉಪ್ಪಿನ ಆಗರ, ಅಘನಾಶಿನಿಯ ಗಜನಿ (ಉಪ್ಪುನೀರು ಬರುವ ತಗ್ಗಿನ) ಗದ್ದೆ ಇವನ್ನೆಲ್ಲ ಹೀಗೇ ಬಿಡಿಸಬೇಕು. ಮುಂದೆ ಬಂದ ಗಟ್ಟಿ ಕಟ್ಟೆ, ಸಿಗಡಿ ಕೆರೆಗಳನ್ನು ಇಂದಿನ ಉಪಗ್ರಹ ಚಿತ್ರದಲ್ಲಿ ಇದರ ಪಕ್ಕ ಇಟ್ಟು ನೋಡಿ. ಉಪ್ಪುನೀರು ತಾಳುವ ಕಗ್ಗ ಭತ್ತದ ನೆಲ ಎಲ್ಲೆಲ್ಲಿ ಹೋಯಿತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ.

ನನ್ನ ದೃಷ್ಟಿಯಲ್ಲಿ ಈ ಶೀಟುಗಳ ಅತಿ ಬೆಲೆಬಾಳುವ ಸಂಗತಿ ದೋಣಿ ಮತ್ತು ದಾರಿ. ಶತಮಾನದ ನಡುವಿನ ಕರಾವಳಿ ಎಂದರೆ ಹೊಳೆ ಇನ್ನೂ ರಸ್ತೆಯಾಗಿದ್ದ ಕಾಲದ ಕೊನೆ. ಬಸ್ಸು ಹೊಳೆಯ ತನಕ ಬರುತ್ತಿತ್ತು, ಜನ ಇಳಿದು ಕಡವಿನಲ್ಲಿ, ಅಂದರೆ ದೋಣಿ ಹೊಳೆ ದಾಟಿಸುವ ಜಾಗದಲ್ಲಿ, ದಾಟಿ ಆಚೆಯ ಬಸ್ಸು ಹತ್ತುತ್ತಿದ್ದರು. ಕಾರವಾರದ ಕಾಳಿ ಹೊಳೆಯ ಅಳಿವೆಗೆ ಹೆದ್ದಾರಿಯ ಸೇತುವೆ ಬಂದದ್ದು 1980ರ ದಶಕದಲ್ಲಿ, ಅದೇ ಸೇತುವೆ 2024ರ ಆಗಸ್ಟಿನಲ್ಲಿ ಕುಸಿಯಿತು. ನಕಾಶೆಯಲ್ಲಿ ಕಡವು ಎಂದು ಬರೆದ ಕಡೆಯೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಎರಡೂ ದಡದಲ್ಲಿ ಏನಿದೆ ನೋಡಿ: ಅಂಚೆ ಕಚೇರಿ, ಡಾಕ್ ಬಂಗಲೆ, ಮಸೀದಿ, ಇಗರ್ಜಿ. ಆಮೇಲೆ ಇಂದಿನ ಸೇತುವೆಯನ್ನು ಗುರುತಿಸಿ. ಸೇತುವೆ ಹಳೆಯ ಕಡವಿನ ಮೇಲೇ ಬಂದಲ್ಲಿ ಪೇಟೆ ಬೆಳೆದಿರುತ್ತದೆ, ಒಂದೆರಡು ಮೈಲಿ ಆಚೆ ಬಂದಲ್ಲಿ ಹಳೆಯ ಧಕ್ಕೆಯ ಪೇಟೆ ಮೂಲೆಗೆ ಬಿದ್ದಿರುತ್ತದೆ. ಕುಂದಾಪುರ ಮತ್ತು ಗಂಗೊಳ್ಳಿಯ ನಡುವೆ ನೀರಿನ ಮೇಲೆ ಇಷ್ಟೇ ದೂರ, ರಸ್ತೆಯಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ಸುತ್ತಬೇಕು. ಗಂಗೊಳ್ಳಿಯ ಈಗಿನ ಚರಿತ್ರೆ ಬರೆಯುವವರು ಅಲ್ಲಿಂದ ಶುರು ಮಾಡಿದರೂ ತಪ್ಪಿಲ್ಲ.

ಕುಂದಾಪುರದ ಈ ಕೆ/10 ಶೀಟಿನಲ್ಲೇ ಪೂರ್ವದಂಚಿಗೆ ಬನ್ನಿ, ಬಸ್ರೂರು ಇದೆ. ಪೋರ್ಚುಗೀಸರು ಬಾರ್ಸೆಲೋರ್ ಎಂದು ಬರೆದ, ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ಬಂದರು. ಇಷ್ಟು ಒಳನಾಡಿನಲ್ಲಿ ಬಂದರು ಯಾಕೆ ಎಂದು ಕೇಳಿದರೆ ನಕಾಶೆಯೇ ಉತ್ತರ ಹೇಳುತ್ತದೆ. ಉಬ್ಬರದ ನೀರು ದೋಣಿಯನ್ನು ಎಲ್ಲಿಯತನಕ ಒಯ್ಯಬಲ್ಲುದೋ ಆ ಕಡೆಗೆ ಘಟ್ಟದಿಂದ ಎತ್ತಿನ ಹೇರು ಇಳಿಯುವ ದಾರಿಗಳು ಬಂದು ಸೇರುತ್ತವೆ. ಶೀಟಿನ ಚಿಹ್ನೆಗಳಲ್ಲಿ ಗಾಡಿದಾರಿ, ಹೇರಿನ ದಾರಿ, ಕಾಲುದಾರಿ ಮೂರಕ್ಕೂ ಬೇರೆ ಬೇರೆ ಗೆರೆ. ಹೇರಿನ ದಾರಿಗಳನ್ನು ಮಾತ್ರ ಒಂದು ಪಾರದರ್ಶಕ ಹಾಳೆಗೆ ಇಳಿಸಿಕೊಳ್ಳಿ. ನೇತ್ರಾವತಿಯಲ್ಲಿ ಬಂಟ್ವಾಳ, ಶರಾವತಿಯಲ್ಲಿ ಗೇರುಸೊಪ್ಪೆ, ಅಘನಾಶಿನಿಯಲ್ಲಿ ಮಿರ್ಜಾನ ಯಾಕೆ ಆ ಜಾಗದಲ್ಲೇ ಬೆಳೆದವು ಎಂಬುದು ಗೆರೆಗಳಲ್ಲೇ ಕಾಣುತ್ತದೆ. ಕಿಂಡಿ ಅಣೆಕಟ್ಟುಗಳು ಬಂದ ಮೇಲಿನ ಹೊಳೆ ನೋಡಿದರೆ ಇದು ಹೊಳೆಯುವುದು ಕಷ್ಟ.

ಹೊಳೆಯ ದಡದಲ್ಲಿ ಹಂಚಿನ ಕಾರ್ಖಾನೆ ಎಂದು ಬರೆದದ್ದು ಸಿಕ್ಕರೆ ಅದನ್ನೂ ಇದೇ ಹಾಳೆಯಲ್ಲಿ ಗುರುತು ಮಾಡಿ. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಉದ್ಯಮ ದಡ ಬಿಟ್ಟು ಬೆಳೆಯಲಿಲ್ಲ. ಆವೆಮಣ್ಣು, ಸೌದೆ, ಸುಟ್ಟ ಹಂಚು ಎಲ್ಲ ದೋಣಿಯಲ್ಲೇ ಓಡಾಡುತ್ತಿದ್ದವು. ಮರಳಿನ ಮೇಲಿನ ಗಾಳಿಮರದ ತೋಪುಗಳ ಬಗ್ಗೆ ಒಂದೇ ಮಾತು: ಅವು ಊರಿನ ಹಳೆಯ ಕಾಡಲ್ಲ, ಕಾರವಾರದ ಕಡೆ 1860ರ ದಶಕದಲ್ಲಿ ತಂದು ನೆಟ್ಟ ಮರ.

ಹೆಸರು ಹುಡುಕುವಾಗ ತಾಳ್ಮೆ ಬೇಕು. ಉಡುಪಿ ಅಲ್ಲಿ ಉಡಿಪಿ, ಕುಂದಾಪುರ ಕೂಂಡಾಪೂರ್, ನೇತ್ರಾಣಿ ದ್ವೀಪ ಪಿಜನ್ ಐಲ್ಯಾಂಡ್. ತುಳು ಹೆಸರನ್ನು ಕೇಳಿ ಇಂಗ್ಲಿಷಿನಲ್ಲಿ ಬರೆದವರು ಬೇರೆ ಭಾಷೆಯವರು. ಹೆಸರಿನಿಂದ ಜಾಗ ಹುಡುಕಬೇಡಿ, ಜಾಗದಿಂದ ಹೆಸರು ಹುಡುಕಿ.

ಟೋಪೋಶೀಟಿನಿಂದ ಭೂದಾಖಲೆಗೆ ಇಳಿಯುವವರು ಮತ್ತೆ 48 ಕೆ/9ರ ಆ ಗಡಿಯನ್ನು ನೆನೆಯಬೇಕು. ಗಡಿಯ ತೆಂಕಲಿನಲ್ಲಿ ಮದ್ರಾಸಿನ ಕಂದಾಯ ಪದ್ಧತಿ: ವರ್ಗ (ಪಟ್ಟಾ ಜಮೀನು), ಕುಮ್ಕಿ (ಅದಕ್ಕೆ ಹೊಂದಿದ ಸರಕಾರಿ ನೆಲ), ಅಡಂಗಲ್ (ಗ್ರಾಮದ ಜಮೀನು ಪುಸ್ತಕ). ಬಡಗಲಿನಲ್ಲಿ ಬೊಂಬಾಯಿಯ ಸರ್ವೆ ಪದ್ಧತಿ: ಆಕಾರಬಂದು (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ ಪುಸ್ತಕ (ಅಳತೆಯ ಪುಸ್ತಕ). ಒಂದೇ ಶೀಟಿನ ಎರಡು ಊರಿಗೆ ಎರಡು ಬಗೆಯ ಕಡತ ಕೇಳಬೇಕಾಗುತ್ತದೆ. ಸರ್ವೆ ನಂಬರು ತಿಳಿಯಲು ರಾಜ್ಯದ ದಿಶಾಂಕ್ ಆ್ಯಪ್ ಸಾಕು. ಕೂರಿಸಿದ ಹಳೆಯ ನಕಾಶೆಯಲ್ಲಿ ಕಡವಿನ ಬಿಂದು ಹಿಡಿದು, ಅದರ ಅಕ್ಷಾಂಶ ರೇಖಾಂಶ ಬರೆದುಕೊಂಡು, ಅಲ್ಲಿಗೆ ಹೋಗಿ ಆ್ಯಪ್ ತೆರೆದರೆ ಇಂದಿನ ನಂಬರು ಸಿಗುತ್ತದೆ. ಅಲ್ಲಿಂದ ಗ್ರಾಮ ನಕಾಶೆ, ಹಳೆಯ ಪಹಣಿ.

ಕೊನೆಗೆ ಒಂದು ಪೂರ್ತಿ ಉದಾಹರಣೆ, ಕುಂದಾಪುರದ ಕೋಡಿ. ತೆಂಕಲಿನಿಂದ ಬಡಗಲಿಗೆ ಚಾಚಿದ ಮರಳ ನಾಲಿಗೆ, ಅದರ ತುದಿಯಲ್ಲಿ ಅಳಿವೆ, ಆಚೆ ಗಂಗೊಳ್ಳಿ. ತುದಿ ಯಾವಾಗ ಎಲ್ಲಿತ್ತು ಎಂಬುದು ಪ್ರಶ್ನೆ. ಮೊದಲು ಹಳೆಯ ಶೀಟಿನಲ್ಲೂ ಇಂದಿನ ಚಿತ್ರದಲ್ಲೂ ಇರುವ ಎರಡು ಕಟ್ಟಡ ಆರಿಸಿ, ಅವುಗಳ ನಡುವೆ ಒಂದು ಆಧಾರ ಗೆರೆ ಎಳೆಯಿರಿ. ಅಲ್ಲಿಂದ ನಾಲಿಗೆಯ ಉದ್ದಕ್ಕೆ ತುದಿಯವರೆಗೆ ಅಳೆಯಿರಿ. ಕಡಲ ದಡದಿಂದ ಅಳೆಯಬೇಡಿ, ಅದೇ ಓಡಾಡುವ ಗೆರೆ. ಎರಡನೆಯ ಅಳತೆಗೆ ಅಮೆರಿಕದ ಕರೋನಾ ಬೇಹುಗಾರ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳಿವೆ. 1995ರಲ್ಲಿ ಅವನ್ನು ಬಹಿರಂಗ ಮಾಡಿದರು, ಅಮೆರಿಕದ ಭೂವಿಜ್ಞಾನ ಸಂಸ್ಥೆಯ ಅರ್ಥ್ ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಬಹುದು. ಅದು ಉದ್ದನೆಯ ಪನೋರಮಾ ಚಿತ್ರ, ಅಂಚಿನ ಕಡೆ ತುಂಬ ಬಾಗಿರುತ್ತದೆ, ಹಾಗಾಗಿ ಅಳಿವೆಯ ಸುತ್ತಲ ನಾಲ್ಕೈದು ಕಿಲೋಮೀಟರ್ ಮಾತ್ರ ಕತ್ತರಿಸಿ ಕೂರಿಸಿ. ಮೂರನೆಯದು 1972ರಿಂದ ಸಿಗುವ ಲ್ಯಾಂಡ್‌ಸ್ಯಾಟ್. ಮೊದಮೊದಲ ಚಿತ್ರಗಳಲ್ಲಿ ಸೂಕ್ಷ್ಮತೆ ಕಡಿಮೆ, ತುದಿ ಇದೆಯೋ ಇಲ್ಲವೋ ಎನ್ನುವಷ್ಟಕ್ಕೆ ಸರಿ.

ಹೋಲಿಸುವಾಗ ಒಂದು ಎಚ್ಚರ. ಶೀಟಿನಲ್ಲಿರುವ ತೀರ ಭರತದ ಗೆರೆ. ಉಪಗ್ರಹ ಚಿತ್ರದಲ್ಲಿರುವುದು ಆ ಗಳಿಗೆಯಲ್ಲಿ ನೀರು ಎಲ್ಲಿತ್ತೋ ಅದು. ನಮ್ಮಲ್ಲಿ ಉಬ್ಬರ ಇಳಿತದ ವ್ಯತ್ಯಾಸ ದೊಡ್ಡ ದಿನಗಳಲ್ಲಿ ಒಂದೂವರೆ ಮೀಟರಿನ ಆಸುಪಾಸು. ಇಪ್ಪತ್ತಕ್ಕೆ ಒಂದರ ಇಳಿಜಾರಿನ ಮರಳಿನಲ್ಲಿ ಅಷ್ಟು ನೀರಿಗೆ ಮೂವತ್ತು ಮೀಟರ್ ವ್ಯತ್ಯಾಸ ಬರುತ್ತದೆ. ಚಿತ್ರದಲ್ಲಿ ಒದ್ದೆ ಮರಳು ಮತ್ತು ಒಣ ಮರಳು ಕೂಡುವ ಗೆರೆ ಹಿಡಿದರೆ ಭರತದ ಗೆರೆಗೆ ಹತ್ತಿರ ಬರುತ್ತೀರಿ. ಚಿತ್ರ ಯಾವ ತಿಂಗಳದ್ದು ಎನ್ನುವುದೂ ಬೇಕು. ಮಳೆಗಾಲದ ಹೊಡೆತಕ್ಕೆ ಕೊಚ್ಚಿಹೋದ ಮರಳು ಬೇಸಗೆಗೆ ಮತ್ತೆ ಬಂದು ಕೂರುತ್ತದೆ. ಸೆಪ್ಟೆಂಬರಿನ ಚಿತ್ರವನ್ನು ಫೆಬ್ರವರಿಯ ಸರ್ವೆಗೆ ಹೋಲಿಸಿದರೆ ಕಾಣುವುದು ಋತುವಿನ ವ್ಯತ್ಯಾಸ, ದಶಕಗಳದ್ದಲ್ಲ. ಈಗ ಅಳಿವೆಗೆ ಕಲ್ಲಿನ ತಡೆಗೋಡೆ ಬಂದಿದೆ, ತುದಿಯ ಓಡಾಟಕ್ಕೆ ಅಡ್ಡ ನಿಂತಿದೆ. ಗೋಡೆಗೆ ಹಿಂದಿನ ಅಳತೆ ಮತ್ತು ಮುಂದಿನ ಅಳತೆಯನ್ನು ಒಂದೇ ಸಾಲಿನಲ್ಲಿಟ್ಟು ವರ್ಷಕ್ಕೆ ಇಷ್ಟು ಮೀಟರ್ ಎಂದು ಸರಾಸರಿ ತೆಗೆಯಬೇಡಿ. ಎರಡು ಕೋಷ್ಟಕ ಮಾಡಿ. ಪ್ರತಿ ಸಾಲಿನಲ್ಲೂ ಶೀಟಿನ ನಂಬರು, ಸರ್ವೆಯ ವರ್ಷ, ಮುದ್ರಣದ ವರ್ಷ, ಚಿತ್ರವಾದರೆ ದಿನಾಂಕ, ತುದಿಯ ದೂರ, ಅದರ ಪಕ್ಕ ಹೆಚ್ಚುಕಡಿಮೆ ಎಷ್ಟು ಮೀಟರ್ ಎಂಬ ಅಂಕಿ ಇರಲಿ. ಒಂದಿಂಚಿನ ಶೀಟಿಗೆ ಆ ಅಂಕಿ ಐವತ್ತಕ್ಕಿಂತ ಕಡಿಮೆ ಹಾಕಬೇಡಿ.